ಓದುಗರ ಪ್ರಶ್ನೆ, ನಮ್ಮ ಉತ್ತರ: ಚಿಕ್ಕ ಊರುಗಳಲ್ಲಿ ವೈದ್ಯಕೀಯ ಸಂಶೋಧನೆ

ಹಳ್ಳಿಗಾಡಿಗೂ ಮೂಲನಿವಾಸಿ ಸಮುದಾಯಗಳಿಗೂ ವೈದ್ಯರನ್ನು ತಯಾರು ಮಾಡುವ ಮೆಡಿಕಲ್ ಕಾಲೇಜುಗಳು ಅಮೆರಿಕ ಮತ್ತು ಕೆನಡಾದಲ್ಲಿವೆ. ಅಲ್ಲಿನ ಸಂಶೋಧನೆಯ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನನ್ನ ತಂಗಿಯ ಮಗ ಡುಲುತ್‌ನ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾನೆ. ಅಲ್ಲಿ ಹಳ್ಳಿ ಡಾಕ್ಟರುಗಳನ್ನು ತಯಾರು ಮಾಡುತ್ತಾರಂತೆ. ಅವನಿಗೋ ಸಂಶೋಧನೆಯ ಹುಚ್ಚು. ಅದಕ್ಕೆ ಅಲ್ಲಿ ಅವಕಾಶ ಇದೆಯೇ?

ಉತ್ತರ: ಧಾರಾಳವಾಗಿ ಇದೆ. ಆದರೆ ಅವನು ಅಂದುಕೊಂಡಿರುವ ಬಗೆಯದು ಆಗಿರಲಿಕ್ಕಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಡುಲುತ್ ಕ್ಯಾಂಪಸ್ಸಿನ ಮೆಡಿಕಲ್ ಕಾಲೇಜು 1972ರಲ್ಲಿ ಶುರುವಾಯಿತು. ಆ ರಾಜ್ಯದ ಹಳ್ಳಿಗಳಿಗೆ ಕುಟುಂಬ ವೈದ್ಯರನ್ನು ಕೊಡುವುದರ ಜೊತೆಗೆ ಅಮೆರಿಕನ್ ಇಂಡಿಯನ್ (ಅಲ್ಲಿನ ಮೂಲನಿವಾಸಿ) ಸಮುದಾಯಗಳ ಆರೋಗ್ಯವೂ ಅದರ ಗುರಿ. ಕೆನಡಾದಲ್ಲಿ ನಾರ್ದರ್ನ್ ಒಂಟಾರಿಯೊ ಸ್ಕೂಲ್ ಆಫ್ ಮೆಡಿಸಿನ್ 2005ರಲ್ಲಿ ಸಡ್ಬರಿ, ಥಂಡರ್ ಬೇ ಎರಡೂ ಕಡೆ ತೆರೆಯಿತು, 2022ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಅಲ್ಲಿಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ನಾಲ್ಕು ವಾರ ಮೂಲನಿವಾಸಿಗಳ ಊರಲ್ಲಿ ಇದ್ದು ಬರಬೇಕು. ಅಮೆರಿಕದ ಒಕ್ಲಹೋಮದಲ್ಲಿ ಚೆರೋಕಿ ನೇಷನ್ ಎಂಬ ಬುಡಕಟ್ಟು ರಾಷ್ಟ್ರದ ಜೊತೆಗೂಡಿ ನಡೆಯುವ ಕಾಲೇಜು 2020ರದ್ದು.

ಡುಲುತ್‌ನಲ್ಲಿ ‘ಮೆಮೊರಿ ಕೀಪರ್ಸ್’ ಎಂಬ ತಂಡವಿದೆ. ಮೂಲನಿವಾಸಿ ಮತ್ತು ಹಳ್ಳಿಯ ಹಿರಿಯರ ಮರೆವಿನ ಕಾಯಿಲೆ ಅದರ ವಿಷಯ. ಈ ಒಂದು ಉದಾಹರಣೆ ಸಾಕು, ಕೆಲಸದ ಸ್ವರೂಪ ತಿಳಿಯುತ್ತದೆ. ಮರೆವು ಅಳೆಯುವ ಮಾಮೂಲಿ ಪರೀಕ್ಷೆಗಳಲ್ಲಿ ಗಡಿಯಾರ ಬಿಡಿಸಿ ಎನ್ನುತ್ತಾರೆ, 100ರಿಂದ ಏಳೇಳು ಕಳೆಯುತ್ತ ಬನ್ನಿ ಎನ್ನುತ್ತಾರೆ. ಶಾಲೆಗೆ ಸರಿಯಾಗಿ ಹೋಗಿರದ, ಮನೆಯಲ್ಲಿ ಇಂಗ್ಲಿಷ್ ಆಡದ ಅಜ್ಜಿ ಇದರಲ್ಲಿ ಕಡಿಮೆ ಅಂಕ ತೆಗೆದರೆ ಅದು ಕಾಯಿಲೆಯೋ, ಶಾಲೆ ಇಲ್ಲದ್ದರ ಫಲವೋ? ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಅಲ್ಲಿನ ಮೂಲನಿವಾಸಿಗಳಿಗೆಂದೇ ಒಂದು ಪರೀಕ್ಷೆ ತಯಾರಾಯಿತು. ಅದನ್ನು ಕೆನಡಾದ ಹ್ಯೂರಾನ್ ಸರೋವರದ ಮ್ಯಾನಿಟೂಲಿನ್ ದ್ವೀಪದ ಅನಿಶಿನಾಬೆ ಎಂಬ ಮೂಲನಿವಾಸಿ ಹಿರಿಯರಿಗೆ ಹೊಂದಿಸಿದರು. ಕಿಂಬರ್ಲಿಯಲ್ಲಿ ಗುರುತಿಸಲು ಕೊಡುತ್ತಿದ್ದುದು ಈಮು, ಮೊಸಳೆಯಂಥ ಚಿತ್ರಗಳು. ಮ್ಯಾನಿಟೂಲಿನ್‌ನಲ್ಲಿ ಮೊಸಳೆ ಎಲ್ಲಿಂದ ಬರಬೇಕು? ಇಂಥ ಕೆಲಸದಲ್ಲಿ ಒಂದೊಂದು ಪ್ರಶ್ನೆಯನ್ನೂ ಹಿರಿಯರೊಡನೆ ಕೂತು ನೋಡಬೇಕು, ಅನುವಾದಿಸಬೇಕು, ಬೇರೆಯವರಿಂದ ಮರಳಿ ಇಂಗ್ಲಿಷಿಗೆ ತಂದು ಅರ್ಥ ಉಳಿದಿದೆಯೇ ಎಂದು ತಾಳೆ ನೋಡಬೇಕು. ಆಮೇಲೆ ಆ ಅಂಕಗಳನ್ನು ವೈದ್ಯರ ತೀರ್ಮಾನದ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕು. ವರ್ಷಗಳ ಕೆಲಸ. ಪ್ರಯೋಗಾಲಯದ ಹೊಳಪು ಇದರಲ್ಲಿಲ್ಲ. ನಿಮ್ಮ ಹುಡುಗನಿಗೆ ಇದು ರುಚಿಸುತ್ತದೆಯೇ ಎಂದು ಮೊದಲು ಕೇಳಿ.

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆ. ಬೇಸಿಗೆಯ ಹತ್ತು ವಾರಗಳಲ್ಲಿ ಅಮೆರಿಕದ ರಿಸರ್ವೇಶನ್ (ಬುಡಕಟ್ಟಿಗೆ ಮೀಸಲಾದ ನೆಲ) ಒಂದರಲ್ಲಿ ಸಮೀಕ್ಷೆ ಮಾಡಬೇಕೆಂದಿದ್ದೇನೆ. ಇನ್ನೇನು ಬೇಕು?

ಉತ್ತರ: ಬಹುತೇಕ ಎಲ್ಲವೂ ಬೇಕು. ಅಮೆರಿಕದಲ್ಲಿ ಬುಡಕಟ್ಟು ರಾಷ್ಟ್ರಗಳಿಗೆ ತಮ್ಮದೇ ಸರ್ಕಾರ ಇದೆ. ಹಲವಕ್ಕೆ ತಮ್ಮದೇ ಪರಿಶೀಲನಾ ಮಂಡಳಿಯೂ ಇದೆ. ಅನೇಕ ಸಂಸ್ಥೆಗಳು ಸೇರಿ ಮಾಡುವ ಸಂಶೋಧನೆಗೆ ಒಂದೇ ಸಮಿತಿ ಸಾಕು ಎಂಬ ನಿಯಮ ಅಲ್ಲಿ 2020ರ ಜನವರಿ 20ರಿಂದ ಜಾರಿಯಲ್ಲಿದೆ ನಿಜ, ಆದರೆ ಬುಡಕಟ್ಟಿನ ಕಾನೂನು ಬೇರೆ ಪರಿಶೀಲನೆ ಬೇಕೆಂದರೆ ಆ ವಿನಾಯಿತಿ ನಡೆಯುವುದಿಲ್ಲ. ಕೆನಡಾದಲ್ಲಾದರೆ ಸಂಶೋಧನಾ ನೀತಿಯ ಒಂಬತ್ತನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು.

ನೀವು ಹಿಡಿದಿರುವ ಕ್ರಮವೇ ತಿರುವುಮುರುವು. ಮೊದಲು ಅಲ್ಲಿನ ಆರೋಗ್ಯ ಕೇಂದ್ರದ ಮುಖ್ಯಸ್ಥರನ್ನು ಕಂಡು, ಈ ಪ್ರಶ್ನೆ ಅವರಿಗೆ ಬೇಕೇ ಎಂದು ಕೇಳಬೇಕು. ಬೇಕೆಂದರೆ ಬುಡಕಟ್ಟು ಕೌನ್ಸಿಲ್ಲಿನ ನಿರ್ಣಯ, ಅದಾದ ಮೇಲೆ ಅವರ ಪರಿಶೀಲನಾ ಮಂಡಳಿ, ದತ್ತಾಂಶದ ಒಪ್ಪಂದ. ವಿಶ್ವವಿದ್ಯಾಲಯದ ಸಮಿತಿಗೆ ಇವುಗಳ ಜೊತೆಗೋ ನಂತರವೋ ಹೋಗಿ. ಮೊದಲೇ ಹೋದರೆ ಸಮುದಾಯ ಪ್ರಶ್ನಾವಳಿಯಲ್ಲಿ ಒಂದು ಸಾಲು ಬದಲಿಸಿದಾಗಲೂ ತಿದ್ದುಪಡಿಯ ಅರ್ಜಿ ಹಾಕುತ್ತ ಕೂರಬೇಕಾಗುತ್ತದೆ. ನವಾಹೊ ನೇಷನ್ನಿನ ಮಂಡಳಿ 1996ರಿಂದ ಇದೆ. ಚಾಪ್ಟರುಗಳ, ಅಂದರೆ ಅಲ್ಲಿನ ಸ್ಥಳೀಯ ಆಡಳಿತ ಘಟಕಗಳ, ಬೆಂಬಲ ಪತ್ರ ಇಲ್ಲದೆ ಅದು ಅರ್ಜಿ ಮುಂದಕ್ಕೆ ಒಯ್ಯುವುದಿಲ್ಲ. ಕೆಲಸ ಮುಗಿದ ಮೇಲೆ ಲೇಖನದ ಕರಡು, ಸಮ್ಮೇಳನದ ಸಾರಾಂಶ ಎಲ್ಲವೂ ಅದರ ಮುಂದೆ ಬರಬೇಕು.

ಇಷ್ಟೂ ಹತ್ತು ವಾರದಲ್ಲಿ ಆಗದ ಮಾತು. ಒಪ್ಪಿಗೆ ಆಗಲೇ ಸಿಕ್ಕಿರುವ ಯೋಜನೆಯೊಂದಕ್ಕೆ ಈ ಬೇಸಿಗೆಯಲ್ಲಿ ಕೈಜೋಡಿಸಿ.

ಪ್ರಶ್ನೆ: ಒಂದು ರಕ್ತಪರೀಕ್ಷೆಗೆ ಇಷ್ಟು ಬಿಗುಮಾನ ಯಾಕೆ?

ಉತ್ತರ: ಕಾರಣ ಇದೆ. ಗ್ರ್ಯಾಂಡ್ ಕ್ಯಾನ್ಯನ್ನಿನ ತಳದಲ್ಲಿ ಬದುಕುವ ಹವಸುಪೈ ಜನರಿಂದ 1990ರ ದಶಕದ ಮೊದಲಲ್ಲಿ ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ರಕ್ತ ತೆಗೆದುಕೊಂಡರು. ಸಕ್ಕರೆ ಕಾಯಿಲೆ ಅವರನ್ನು ಹಿಂಡುತ್ತಿತ್ತು, ಅದಕ್ಕೇ ಈ ಪರೀಕ್ಷೆ ಎಂದು ಜನ ತಿಳಿದರು. ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯ ಎಂಬ ಮನೋರೋಗ, ರಕ್ತಸಂಬಂಧಿಗಳ ನಡುವಿನ ಸಂತಾನ, ಪೂರ್ವಜರ ವಲಸೆ ಎಲ್ಲವನ್ನೂ ಹುಡುಕಿದ್ದು 2003ರಲ್ಲಿ ಗೊತ್ತಾಯಿತು. ಈ ಕಣಿವೆಯಲ್ಲೇ ಹುಟ್ಟಿದವರು ನಾವು ಎನ್ನುವ ಜನಕ್ಕೆ ವಲಸೆಯ ಪ್ರಬಂಧ ಬರೀ ಅಂಕಿಅಂಶವಾಗಿರಲಿಲ್ಲ. 2010ರಲ್ಲಿ ರಾಜಿಯಾಯಿತು: 41 ಜನರಿಗೆ ಒಟ್ಟು 7,00,000 ಡಾಲರ್, ಉಳಿದ ರಕ್ತ ವಾಪಸ್.

ಕೆನಡಾದ ನೂ-ಚಾ-ನುಲ್ತ್ ಜನರದ್ದೂ ಇದೇ ಕಥೆ. 1980ರ ದಶಕದಲ್ಲಿ ಸಂಧಿವಾತದ ಅಧ್ಯಯನಕ್ಕೆಂದು ಕೊಟ್ಟ 883 ಮಾದರಿಗಳು ಸಂಶೋಧಕರ ಹಿಂದೆ ಯೂಟಾಕ್ಕೆ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದವು, ವಂಶದ ಮೂಲ ಹುಡುಕಲೂ ಬಳಕೆಯಾದವು. ಆಮೇಲೆ ‘ಸಾಲ ಕೊಟ್ಟ ಡಿಎನ್‌ಎ’ ಎಂಬ ಮಾತು ಚಲಾವಣೆಗೆ ಬಂತು: ರಕ್ತ ಕೊಟ್ಟವರದೇ, ಸಂಶೋಧಕರು ಬರೀ ಕಾಪಿಡುವವರು.

ತಪ್ಪು ಕೂತಿರುವುದು ಒಪ್ಪಿಗೆ ಪತ್ರದ ಒಂದೇ ವಾಕ್ಯದಲ್ಲಿ: ‘ಮುಂದಿನ ಸಂಶೋಧನೆಗೂ ಬಳಸಬಹುದು’. ಆ ಸಾಲು ಹೊಡೆದುಹಾಕಿ, ಮೂರು ವಿಷಯ ಬರೆಯಿರಿ. ಯಾವ ಕಾಯಿಲೆಗೆ, ಎಲ್ಲಿ ಎಷ್ಟು ವರ್ಷ ಇಡುತ್ತೀರಿ, ಮುಗಿದ ಮೇಲೆ ಸುಡುತ್ತೀರೋ ಹಿಂದಿರುಗಿಸುತ್ತೀರೋ. ಹೊಸ ಪ್ರಶ್ನೆ ಹುಟ್ಟಿದರೆ ಹೊಸ ಒಪ್ಪಿಗೆ.

ಜನ ತಳಿಸಂಶೋಧನೆಗೇ ವಿರೋಧಿಗಳು ಎಂದೂ ತಿಳಿಯಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದ ಉತ್ತರ ಭಾಗದಲ್ಲಿರುವ ಗಿಟ್ಕ್ಸಾನ್ ಜನರಲ್ಲಿ ಹೃದಯದ ಲಯ ತಪ್ಪಿಸುವ ಲಾಂಗ್ ಕ್ಯೂಟಿ ಕಾಯಿಲೆ ಹೆಚ್ಚಿದೆ. ಸಮುದಾಯದ ಜೊತೆಗೇ ನಡೆದ ಅಧ್ಯಯನದಿಂದ ಕಾರಣವಾದ ಜೀನ್ ಗೊತ್ತಾಯಿತು, ಅಪಾಯದಲ್ಲಿದ್ದವರನ್ನು ಗುರುತಿಸಿ ಚಿಕಿತ್ಸೆ ಕೊಡಲು ದಾರಿಯಾಯಿತು.

ಪ್ರಶ್ನೆ: ವಿಮಾನದಲ್ಲಷ್ಟೇ ತಲುಪಬಹುದಾದ ಊರುಗಳಿಂದ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ರಕ್ತ ತರಿಸುತ್ತೇವೆ. ಫಲಿತಾಂಶಗಳು ಒಂದಕ್ಕೊಂದು ಹೊಂದುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಯಂತ್ರವನ್ನು ಶಂಕಿಸುವ ಮೊದಲು ಟ್ಯೂಬು ನಡೆದ ದಾರಿಯನ್ನು ನೋಡಿ. ಟ್ಯೂಬಿನೊಳಗೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಬರಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಇದ್ದವರ ರಕ್ತ ಮೂರು ಗಂಟೆ ಹಾಗೇ ಇದ್ದರೆ 105ರ ಆಸುಪಾಸಿಗೆ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರು ಕಾಗದದ ಮೇಲೆ ಅದರ ಹೊಸ್ತಿಲಲ್ಲಿ ಮಾತ್ರ ಇರುವವರಾಗುತ್ತಾರೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬು ಬಳಸುತ್ತೇವಲ್ಲ ಎನ್ನಬಹುದು. ಫ್ಲೋರೈಡ್ ಸಕ್ಕರೆ ಒಡೆಯುವ ಸರಪಳಿಯ ಕೊನೆಯ ಹಂತಗಳಲ್ಲೊಂದನ್ನು ತಡೆಯುತ್ತದೆ, ಹಾಗಾಗಿ ಮೊದಲ ಒಂದೆರಡು ಗಂಟೆ ಇಳಿತ ನಿಲ್ಲುವುದಿಲ್ಲ. ಸಿಟ್ರೇಟ್ ಸೇರಿದ ಟ್ಯೂಬು ಬೇಗ ತಡೆಯುತ್ತದೆ. ಇಲ್ಲವೇ ಊರಲ್ಲೇ ಸೆಂಟ್ರಿಫ್ಯೂಜ್ ಇಟ್ಟು ಪ್ಲಾಸ್ಮಾ ಬೇರೆ ಮಾಡಿ.

ನಮ್ಮ ಸಲಹೆ ಕೇಳಿದರೆ, ಇಂಥ ಕಡೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಉತ್ತಮ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಒಂದು ವಾರದವರೆಗೆ ತಾಳುತ್ತದೆ. ಕಬ್ಬಿಣದ ಕೊರತೆ ಇದ್ದವರಲ್ಲಿ ಅದು ಹೆಚ್ಚು ತೋರಿಸುತ್ತದೆ, ಕೆಂಪುಕಣ ಬೇಗ ಸಾಯುವ ಕಾಯಿಲೆ ಇದ್ದವರಲ್ಲಿ ಕಡಿಮೆ. ಜೊತೆಗೆ ಹಿಮೋಗ್ಲೋಬಿನ್ ನೋಡಿಕೊಳ್ಳಿ.

ಸೀರಮ್ ಬೇಕಿದ್ದರೆ: ತೆಗೆದ ಮೇಲೆ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ 30 ನಿಮಿಷ ಹೆಪ್ಪುಗಟ್ಟಲು ಬಿಡಿ, ಸೆಂಟ್ರಿಫ್ಯೂಜಿನಲ್ಲಿ ಸುಮಾರು 1,300 ಜಿ (ಗುರುತ್ವದ 1,300 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ, ಒಟ್ಟು ಎರಡು ಗಂಟೆಯೊಳಗೆ ಬೇರೆ ಮಾಡಿ. ಬೇರೆ ಮಾಡದ ರಕ್ತವನ್ನು ಫ್ರಿಜ್ಜಿನಲ್ಲಿಟ್ಟರೆ ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ರೋಗಿಗೆ ಇಲ್ಲದ ಕಿಡ್ನಿ ತೊಂದರೆ ಇದ್ದಂತೆ ಕಾಣುತ್ತದೆ.

ಹೆಚ್ಚು ಜನ ಎಡವುವುದು ಚಳಿಗಾಲದಲ್ಲಿ. ಹೊರಗೆ ಮೈನಸ್ 30 ಇರುವಾಗ ಕ್ಲಿನಿಕ್ಕಿನಿಂದ ವಿಮಾನದ ಹೊಟ್ಟೆ ಸೇರುವಷ್ಟರಲ್ಲೇ ಟ್ಯೂಬಿನ ರಕ್ತ ಮಂಜುಗಡ್ಡೆಯಾಗಿ ಕಣಗಳು ಒಡೆದಿರುತ್ತವೆ. ತಿರುಗಿಸಿದ ಮೇಲೆ ಸೀರಮ್ ಗುಲಾಬಿ ಬಣ್ಣಕ್ಕಿದ್ದರೆ ಮುಗಿಯಿತು ಅಂತಲೇ. ಅಂಥ ದಿನ ಪೆಟ್ಟಿಗೆಯೊಳಗೆ ಇಡಬೇಕಾದ್ದು ಕೋಣೆಯ ಬಿಸಿಯಲ್ಲಿದ್ದ ಜೆಲ್ ಪ್ಯಾಕು, ಐಸ್ ಪ್ಯಾಕಲ್ಲ. ಬೇಸಿಗೆಯಲ್ಲೂ ಫ್ರೀಜರಿನಿಂದ ಆಗಷ್ಟೇ ತೆಗೆದ ಪ್ಯಾಕನ್ನು ಟ್ಯೂಬಿಗೆ ತಾಗಿಸಬೇಡಿ. ಅದು ಬೆವರಿ, ಅಲ್ಲಾಡಿಸಿದರೆ ಒಳಗೆ ಕುಲುಕುವಷ್ಟು ಕರಗಲಿ.

ಬೇರೆ ಮಾಡಿದ ಸೀರಮ್ಮನ್ನೋ ಪ್ಲಾಸ್ಮಾವನ್ನೋ ಗಡ್ಡೆಗಟ್ಟಿಸಿ ಕಳಿಸುವುದಾದರೆ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಬೇಕು. ಅದು ಮೈನಸ್ 78.5 ಡಿಗ್ರಿಯದು, ಸಾಧಾರಣ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ ಎರಡರಿಂದ ಐದು ಕಿಲೋ ಆವಿಯಾಗುತ್ತದೆ. ಮಂಜು ಕವಿದು ವಿಮಾನ ನಿಲ್ಲುವುದು ಅಲ್ಲಿ ಮಾಮೂಲಿ, ಒಂದು ದಿನದ ಪ್ರಯಾಣಕ್ಕೆ ಮೂರು ದಿನದ ಲೆಕ್ಕ ಹಾಕಿ 15 ಕಿಲೋ ತುಂಬಿ. ಪೆಟ್ಟಿಗೆಯನ್ನು ಟೇಪಿನಿಂದ ಗಾಳಿ ಹೋಗದಂತೆ ಬಿಗಿಯಬೇಡಿ, ಅನಿಲ ತುಂಬಿ ಸಿಡಿಯುತ್ತದೆ. ಹೊರಗೆ ಡ್ರೈ ಐಸ್ ಇದೆ ಎಂದು ತಿಳಿಸುವ ಯುಎನ್ 1845 ಚೀಟಿ ಮತ್ತು ಅದರ ತೂಕ, ರಕ್ತದ ಮಾದರಿಗೆ ಯುಎನ್ 3373 ಚೀಟಿ ಮತ್ತು ಮೂರು ಪದರದ ಕಟ್ಟು.

ಇವೆಲ್ಲ ಆಗದ ಕಡೆ ಕಾಗದದ ಮೇಲೆ ಒಣಗಿಸಿದ ರಕ್ತ ನೋಡಬಹುದು. ಕೈ ತಣ್ಣಗಿದ್ದರೆ ಹನಿ ಬರುವುದಿಲ್ಲ, ಮೊದಲು ಬೆಚ್ಚಗೆ ಮಾಡಿ. ಉಂಗುರದ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ, ಎರಡನೆಯ ದೊಡ್ಡ ಹನಿಯನ್ನು ವೃತ್ತಕ್ಕೆ ಒಂದೇ ಸಲ ಮುಟ್ಟಿಸಿ. ಸಾಲದೆಂದು ಅದರ ಮೇಲೇ ಇನ್ನೊಂದು ಹನಿ ಹಾಕಿದರೆ ಕಾರ್ಡು ಕೆಟ್ಟಿತು, ಪದರ ಪದರವಾಗಿ ಅಳತೆ ತಪ್ಪುತ್ತದೆ. ಮಲಗಿಸಿ, ಬಿಸಿಲಿಲ್ಲದ ಕಡೆ ನಾಲ್ಕು ಗಂಟೆ ಒಣಗಿಸಿ, ತೇವ ಹೀರುವ ಪೊಟ್ಟಣದ ಜೊತೆ ಚೀಲಕ್ಕೆ ಹಾಕಿ. ಹೇರ್ ಡ್ರೈಯರ್ ಬೇಡ.

ಪ್ರಶ್ನೆ: ಊರಲ್ಲಿ 600 ವಯಸ್ಕರಿದ್ದಾರೆ. ಸಮೀಕ್ಷೆಗೆ 385 ಜನ ಬೇಕೆಂದು ಪುಸ್ತಕ ಹೇಳುತ್ತದೆ. ಅಷ್ಟು ಸಿಗಲಾರರು.

ಉತ್ತರ: ಪುಸ್ತಕದ್ದು ಕೊನೆಯಿಲ್ಲದ ಜನಸಂಖ್ಯೆಯ ಲೆಕ್ಕ. ನಿಮ್ಮ ಮಾತು ಆ ಊರಿಗಷ್ಟೇ ಅನ್ವಯ ಎಂದಾದರೆ 385ನ್ನು (1 + 384 ÷ 600)ರಿಂದ ಭಾಗಿಸಿ, 235 ಸಾಕು. ಐವರಲ್ಲಿ ಒಬ್ಬರು ಒಲ್ಲೆ ಎನ್ನಬಹುದು, ಹಾಗಾಗಿ 294 ಜನರನ್ನು ಕೇಳಿ. ಆದರೆ ಹತ್ತು ಊರುಗಳಲ್ಲಿ ಮೂವತ್ತು ಮೂವತ್ತು ಜನರನ್ನು ತೆಗೆದುಕೊಂಡು ಊರನ್ನೇ ಘಟಕ ಮಾಡುವುದಾದರೆ ಲೆಕ್ಕ ಉಲ್ಟಾ. ಒಂದೇ ಊರಿನವರು ಒಂದೇ ನೀರು ಕುಡಿಯುತ್ತಾರೆ, ಒಂದೇ ಅಂಗಡಿಗೆ ಹೋಗುತ್ತಾರೆ. ಆ ಹೋಲಿಕೆ 0ರಿಂದ 1ರ ಅಳತೆಯಲ್ಲಿ 0.05 ಇದ್ದರೂ 1 + 29 × 0.05, ಅಂದರೆ 2.45 ಪಟ್ಟು ಜನ ಬೇಕು. ನಿಮ್ಮ 300 ಜನ 122 ಜನರಷ್ಟೇ ತೂಗುತ್ತಾರೆ.

ಇನ್ನೊಂದು ಮಾತು. ಹೋದ ವರ್ಷ 4 ಸಾವು, ಈ ವರ್ಷ 8, ‘ಸಾವು ದುಪ್ಪಟ್ಟು’ ಎಂದು ಬರೆಯುವ ಆಸೆಯಾಗುತ್ತದೆ. 4 ಸಾವಿನ ಹಿಂದಿರುವ ನಿಜವಾದ ಮಟ್ಟ 1.1ರಿಂದ 10.2ರವರೆಗೆ ಎಲ್ಲಿಯೂ ಇರಬಹುದು, 8 ಅದರೊಳಗೇ ಬೀಳುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರ 20ಕ್ಕಿಂತ ಕಡಿಮೆ ಸಾವುಗಳ ದರವನ್ನು ನಂಬಲರ್ಹವಲ್ಲ ಎಂದೇ ಗುರುತು ಮಾಡುತ್ತದೆ. ಐದು ವರ್ಷ ಕೂಡಿಸಿ ನೋಡಿ. ಮರಣಪತ್ರದಲ್ಲಿ ಮೂಲನಿವಾಸಿಗಳನ್ನು ಬಿಳಿಯರೆಂದು ಬರೆಯುವ ತಪ್ಪು ಹಳೆಯದು, ಬುಡಕಟ್ಟಿನ ಆರೋಗ್ಯ ದಾಖಲೆಯೊಡನೆ ತಾಳೆ ಹಾಕದೆ ಆ ಎಣಿಕೆಯನ್ನು ಬಳಸಬೇಡಿ.

ಪ್ರಶ್ನೆ: ಹೆಸರು ತೆಗೆದ ಮೇಲೂ ದತ್ತಾಂಶ ಸಾರ್ವಜನಿಕವಾಗಿ ಹಾಕಬಾರದೇ?

ಉತ್ತರ: 300 ಜನರ ಊರಲ್ಲಿ ‘92 ವರ್ಷದ ಮಹಿಳೆ, ಡಯಾಲಿಸಿಸ್’ ಎಂದರೆ ಹೆಸರೇ ಬೇಕಿಲ್ಲ. ಕೋಷ್ಟಕದಲ್ಲಿ ಹತ್ತಕ್ಕಿಂತ ಚಿಕ್ಕ ಸಂಖ್ಯೆ ಮುಚ್ಚಿ, ಮೊತ್ತದಿಂದ ಕಳೆದು ಅದನ್ನು ಕಂಡುಹಿಡಿಯಲಾಗದಂತೆ ಪಕ್ಕದ ಇನ್ನೊಂದು ಚೌಕವನ್ನೂ ಮುಚ್ಚಿ. ಅದಕ್ಕೂ ಮೊದಲು, ಹಾಕಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮದಲ್ಲ. ಕೆನಡಾದ ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿಗಳು 1998ರಿಂದ ಹೇಳುತ್ತಿರುವ ಓಸಿಎಪಿ ತತ್ವಗಳ ಪ್ರಕಾರ ದತ್ತಾಂಶದ ಒಡೆತನ, ಹಿಡಿತ, ನೋಡುವ ಹಕ್ಕು, ಸ್ವಾಧೀನ ನಾಲ್ಕೂ ಸಮುದಾಯದವು. ಊರಿನ ಹೆಸರು ಪ್ರಬಂಧದಲ್ಲಿ ಬರಬೇಕೋ ಬೇಡವೋ ಎಂದು ಅವರನ್ನೇ ಕೇಳಿ. ಕೆಲವರು ಮುಚ್ಚಿಡಿ ಎನ್ನುತ್ತಾರೆ, ಕೆಲವರು ಲೇಖಕರ ಸಾಲಲ್ಲೇ ನಮ್ಮ ಹೆಸರಿರಲಿ ಎನ್ನುತ್ತಾರೆ.