ವಯಸ್ಸು 41, ಇಕ್ಸಿಯೇ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 41, ಗಂಡನಿಗೆ 44. ಮದುವೆ ತಡವಾಗಿ ಆಯಿತು, ಮಗು ಆಗಿಲ್ಲ. ಅತ್ತೆ ಕುಕ್ಕೆಗೆ ಹರಕೆ ಹೇಳಿದ್ದಾರೆ, ನಾವು ಮಂಗಳೂರಿನ ಒಂದು ಸೆಂಟರಿಗೆ ಹೋದೆವು. ಗಂಡನ ವೀರ್ಯದ ರಿಪೋರ್ಟ್ ನಾರ್ಮಲ್. ಆದರೂ ‘ನಿಮ್ಮ ವಯಸ್ಸಿಗೆ ಮಾಮೂಲಿ ಐವಿಎಫ್ ಸಾಲದು, ಇಕ್ಸಿ ಮಾಡಿಸಿ’ ಅಂದರು. ದುಡ್ಡೂ ಜಾಸ್ತಿ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ದುಡ್ಡು ಕಟ್ಟುವ ಮೊದಲೇ ಕೇಳಿದಿರಿ, ಒಳ್ಳೇದಾಯ್ತು. ಮಾಮೂಲಿ ಐವಿಎಫ್‌ನಲ್ಲಿ ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನ ತಟ್ಟೆಯಲ್ಲಿ ಒಟ್ಟಿಗೆ ಬಿಡುತ್ತಾರೆ, ವೀರ್ಯಾಣು ತಾನಾಗಿಯೇ ಅಂಡಾಣುವಿನೊಳಗೆ ಹೋಗಬೇಕು. ಇಕ್ಸಿ ಅಂದರೆ ಏನು ನೋಡಿ. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನಡಿ ಒಂದು ಗಾಜಿನ ನಳಿಗೆ ಅಂಡಾಣುವನ್ನು ಮೆತ್ತಗೆ ಹೀರಿ ಹಿಡಿದಿರುತ್ತದೆ. ಆಚೆ ಕಡೆಯಿಂದ ಕೂದಲಿಗಿಂತ ಎಷ್ಟೋ ಸಪೂರದ ಸೂಜಿ ಬರುತ್ತದೆ. ಒಂದು ವೀರ್ಯಾಣುವಿನ ಬಾಲ ಒತ್ತಿ, ಅದು ಈಜದ ಹಾಗೆ ಮಾಡಿ, ಸೂಜಿಯೊಳಗೆ ಎಳೆದುಕೊಂಡು ಸೀದಾ ಅಂಡಾಣುವಿನೊಳಗೆ ಬಿಡುತ್ತಾರೆ. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಇದರಿಂದ ಗರ್ಭ ನಿಂತದ್ದನ್ನು ಮೊದಲು ವರದಿ ಮಾಡಿದರು. ಇದು ಬಂದದ್ದೇ ವೀರ್ಯಾಣು ಕಡಿಮೆ ಇರುವ, ಇದ್ದರೂ ಸರಿಯಾಗಿ ಈಜದ ಗಂಡಸರಿಗೋಸ್ಕರ.

ನಿಮ್ಮಲ್ಲಿ ಆ ತೊಂದರೆಯೇ ಇಲ್ಲವಲ್ಲ! ನಿಮ್ಮ ಪ್ರಶ್ನೆ ಅಂಡಾಣುವಿನ ವಯಸ್ಸಿನದ್ದು. 40 ದಾಟಿದ ಮೇಲೆ ಆಗುವ ಭ್ರೂಣಗಳಲ್ಲಿ ಅರ್ಧಕ್ಕಿಂತ ಜಾಸ್ತಿಯವಕ್ಕೆ ಕ್ರೋಮೋಸೋಮಿನ (ವಂಶವಾಹಿಗಳನ್ನು ಹೊತ್ತ ಎಳೆಗಳ) ಲೆಕ್ಕ ತಪ್ಪಿರುತ್ತದೆ, ಗರ್ಭ ನಿಲ್ಲದಿರುವುದಕ್ಕೂ ನಿಂತದ್ದು ಹೋಗುವುದಕ್ಕೂ ಮುಖ್ಯ ಕಾರಣ ಅದೇ. ಸೂಜಿ ಅದನ್ನು ಸರಿಮಾಡುವುದಿಲ್ಲ. ರಿಪೋರ್ಟ್ ನಾರ್ಮಲ್ ಇದ್ದವರಿಗೆ ಇಕ್ಸಿಯಿಂದ ಮಗು ಆಗುವ ಸಾಧ್ಯತೆ ಹೆಚ್ಚಾದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ‘ಸಿಕ್ಕಿದ್ದೇ ಮೂರು ಅಂಡಾಣು, ಒಂದೂ ಫಲಿಸದಿದ್ದರೆ?’ ಅನ್ನುವ ಹೆದರಿಕೆಯಿಂದ ಕೆಲವು ವೈದ್ಯರು ಮಾಡುತ್ತಾರೆ, ಆ ಹೆದರಿಕೆ ನನಗೂ ಅರ್ಥವಾಗುತ್ತದೆ, ಆದರೆ ಸುಮ್ನೆ ವಯಸ್ಸಿನ ಹೆಸರು ಹೇಳಿ ಬಿಲ್ ಏರಿಸುವುದು ಬೇರೆ. ಹಿಂದೆ ಐವಿಎಫ್ ಮಾಡಿದಾಗ ಅಂಡಾಣು ಫಲಿಸದೇ ಹೋಗಿದ್ದರೆ ಇಕ್ಸಿ ಬೇಕೆನ್ನುವುದು ಸರಿ.

ಹಾಗಾಗಿ ಮುಂದಿನ ಸಲ ಹೋದಾಗ ಬೇರೆಯೇ ಕೇಳಿ: ನನ್ನ ಎಎಂಎಚ್ (ಅಂಡಾಣು ಎಷ್ಟು ಉಳಿದಿವೆ ಎಂದು ಅಂದಾಜು ಮಾಡುವ ರಕ್ತಪರೀಕ್ಷೆ) ಎಷ್ಟು, ಸ್ಕ್ಯಾನಿಂಗಿನಲ್ಲಿ ಅಂಡಾಣು ಬೆಳೆಯುವ ಎಷ್ಟು ಕೋಶ ಕಂಡವು, ನನ್ನ ವಯಸ್ಸಿನವರಲ್ಲಿ ನಿಮ್ಮಲ್ಲಿ ಎಷ್ಟು ಜನರಿಗೆ ಮಗು ಆಗಿದೆ? ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಆದದ್ದಲ್ಲ, ಮಗು ಆದದ್ದು. ದಾನಿಯ ಅಂಡಾಣುವಿನ ಮಾತೂ ಬರಬಹುದು. ಬೇಜಾರು ಮಾಡ್ಕೊಬೇಡಿ, ನಿಮ್ಮ ವಯಸ್ಸಿಗೆ ಅದು ಕೆಟ್ಟ ಸಲಹೆ ಅಲ್ಲ. ಐವಿಎಫ್‌ನಂಥ ಚಿಕಿತ್ಸೆಗೆಂದೇ ಇರುವ 2021ರ ಕಾನೂನಿನ ಪ್ರಕಾರ ಅಂಡಾಣು ದಾನಿಗೆ 23ರಿಂದ 35 ವಯಸ್ಸಾಗಿರಬೇಕು. ಸಕ್ಕರೆ, ಬಿಪಿ, ಥೈರಾಯ್ಡ್ ಮೊದಲೇ ನೋಡಿಸಿಕೊಳ್ಳಿ.

ಹರಕೆಗೆ ನನ್ನ ಅಡ್ಡಿ ಇಲ್ಲ. ಅಂಡಾಣು ಬೆಳೆಸುವ ಇಂಜೆಕ್ಷನ್ ಶುರುವಾದರೆ ಸ್ಕ್ಯಾನಿಂಗಿಗೆ ಮಂಗಳೂರಿಗೆ ಓಡಾಡುವುದೇ ಆಗುತ್ತದೆ. ಅದಕ್ಕೆ ಮುಂಚೆ ಕುಕ್ಕೆಗೆ ಹೋಗಿ ಬನ್ನಿ.