ಟ್ರ್ಯಾಕ್ಟರ್ ಬರುವ ಮೊದಲು ಗೂಟ ಹೊಡೆಯಿರಿ

ಪ್ರಶ್ನೆ: ಮಳವಳ್ಳಿ ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿ ಜಮೀನಿದೆ. ಹೆಬ್ಬೇವು ಹಾಕಿ, ಮೊದಲ ವರ್ಷಗಳಲ್ಲಿ ನಡುವೆ ರಾಗಿ, ಹುರುಳಿ ಬೆಳೆಯುವ ಯೋಚನೆ. ಟ್ರ್ಯಾಕ್ಟರಿಗೆ ಜೋಡಿಸುವ ಗುಂಡಿ ತೋಡುವ ಯಂತ್ರ ಬಾಡಿಗೆಗೆ ಸಿಗುತ್ತದೆ. ಪಕ್ಕದ ಹೊಲದವರು ಅದರಿಂದಲೇ ಗುಂಡಿ ತೆಗೆಸಿದರು. ಸಾಲುಗಳೆಲ್ಲ ಸೊಟ್ಟಗಾಗಿ ಈಗ ಉಳುಮೆಗೆ ಟ್ರ್ಯಾಕ್ಟರ್ ಇಳಿಯುತ್ತಿಲ್ಲ. ನಮ್ಮದು ನೇರವಾಗಿ ಬರಲು ಏನು ಮಾಡಬೇಕು? ಹತ್ತು ಅಡಿ ಅಂತರ ಸಾಕೇ?

ಉತ್ತರ: ಯಂತ್ರ ಗುಂಡಿಯನ್ನು ತೋಡುತ್ತದೆಯೇ ಹೊರತು ಸಾಲು ಹಿಡಿಯುವುದಿಲ್ಲ. ಚಾಲಕ ಎಷ್ಟೇ ನುರಿತವನಾಗಿದ್ದರೂ ಹಿಂದೆ ತಿರುಗಿ ನೋಡುತ್ತಾ ಅಂದಾಜಿನ ಮೇಲೆ ಗುಂಡಿ ಹಾಕಿದರೆ ನಾಲ್ಕನೇ ಸಾಲಿಗೇ ಲೆಕ್ಕ ತಪ್ಪುತ್ತದೆ. ಬಾಡಿಗೆ ಗಂಟೆಯ ಲೆಕ್ಕದ್ದಾದ್ದರಿಂದ ಆ ದಿನ ಯಾರಿಗೂ ಅಳೆಯುವ ತಾಳ್ಮೆ ಇರುವುದಿಲ್ಲ. ಹಿಂದಿನ ದಿನವೇ ಎಲ್ಲ ಗೂಟಗಳನ್ನೂ ಹೊಡೆದು ಮುಗಿಸಿ.

ಮೊದಲು ಅಂತರ. ಹತ್ತಕ್ಕೆ ಹತ್ತು ಅಡಿಯಾದರೆ ಎಕರೆಗೆ 435 ಗಿಡ ಹಿಡಿಯುತ್ತವೆ, ನಿಜ. ಆದರೆ ಆರಡಿ ಅಗಲದ ರೋಟಾವೇಟರ್ ಆ ಸಾಲಿನಲ್ಲಿ ಹೋದರೆ ಎರಡೂ ಕಡೆ ಉಳಿಯುವುದು ಎರಡೆರಡೇ ಅಡಿ. ಒಂದು ಗಿಡ ಒಂದಡಿ ಪಕ್ಕಕ್ಕೆ ಬಂದರೂ ಬೇರು ಹರಿಯುತ್ತದೆ, ತೊಗಟೆ ಸುಲಿಯುತ್ತದೆ. ನಡುವೆ ಬೆಳೆ ತೆಗೆಯುವವರು ಸಾಲಿನಿಂದ ಸಾಲಿಗೆ 15 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ ಇಡುವುದೇ ಒಳ್ಳೆಯದು. ಎಕರೆಗೆ ಸುಮಾರು 290 ಗಿಡ ಕೂರುತ್ತವೆ. ಸಾಲಿನ ಎರಡೂ ತುದಿಯಲ್ಲಿ ಟ್ರ್ಯಾಕ್ಟರ್ ತಿರುಗಲು ಇಪ್ಪತ್ತಡಿ ಬಿಟ್ಟರೆ ಇನ್ನೂ ಕಡಿಮೆಯಾಗುತ್ತವೆ. ಅದನ್ನು ನಷ್ಟವೆಂದು ಎಣಿಸಬೇಡಿ. ಬದುವಿಗೆ ಮೂತಿ ತಾಗುವಂತೆ ನೆಟ್ಟ ಹೊಲದಲ್ಲಿ ಚಾಲಕ ಪ್ರತಿ ತಿರುವಿನಲ್ಲೂ ಕೊನೆಯ ಗಿಡವನ್ನು ಮುರಿಯುತ್ತಾನೆ. ಜಮೀನಿನ ಆಕಾರ ಒಗ್ಗಿದರೆ ಸಾಲು ಪೂರ್ವ–ಪಶ್ಚಿಮವಾಗಿರಲಿ, ನಡುವಿನ ರಾಗಿಗೆ ಬಿಸಿಲು ಹೆಚ್ಚು ಸಿಗುತ್ತದೆ.

ಇನ್ನು ಗೆರೆ. ಹೊಲದ ಉದ್ದನೆಯ ಬದುವಿನ ಪಕ್ಕ ಒಂದು ಮೂಲ ಗೆರೆ ಎಳೆಯಿರಿ. ಬದುವನ್ನೇ ಗೆರೆಯೆಂದು ನಂಬಬೇಡಿ, ನಮ್ಮ ಬದುಗಳು ನೇರವಾಗಿರುವುದು ಅಪರೂಪ. ಆ ಗೆರೆಯ ಒಂದು ತುದಿಯಲ್ಲಿ ಗಾರೆ ಕೆಲಸದವರು ಹಿಡಿಯುವ ಮೂಲೆಮಟ್ಟವನ್ನೇ ದೊಡ್ಡದಾಗಿ ಹಿಡಿಯಿರಿ: ಗೆರೆಯ ಮೇಲೆ 40 ಅಡಿ, ಅಡ್ಡಕ್ಕೆ 30 ಅಡಿ, ಓರೆಗೆ ಸರಿಯಾಗಿ 50 ಅಡಿ ಬಂದರೆ ಮೂಲೆ ಸರಿ ಇದೆ. 3, 4, 5 ಅಡಿಯ ಸಣ್ಣ ಮಟ್ಟ ಇಲ್ಲಿ ಸಾಲದು. ಮೂಲೆ ಒಂದೇ ಒಂದು ಡಿಗ್ರಿ ತಪ್ಪಿದರೂ 300 ಅಡಿ ದೂರ ಹೋಗುವಷ್ಟರಲ್ಲಿ ಸಾಲು ಐದು ಅಡಿ ಜಾರಿರುತ್ತದೆ. ಎದುರು ಮೂಲೆಗಳನ್ನೂ ಇದೇ ರೀತಿ ಗುರುತಿಸಿ, ಎರಡು ಕರ್ಣಗಳು ಸಮವೇ ಎಂದು ಅಳೆದು ನೋಡಿ.

ಸಾಲು ಕೆಡುವುದು ಹೆಚ್ಚಾಗಿ ಮುಂದಿನ ಹಂತದಲ್ಲಿ. ಒಂದು ಸಾಲು ಮುಗಿಸಿ, ಅದರಿಂದ ಹದಿನೈದು ಅಡಿ ಅಳೆದು ಮುಂದಿನದನ್ನು ಹಾಕುತ್ತಾರೆ. ಪ್ರತಿ ಸಲ ಎರಡಂಗುಲ ತಪ್ಪಿದರೆ ಹತ್ತು ಸಾಲಿಗೆ ಇಪ್ಪತ್ತು ಅಂಗುಲವಾಯಿತು. ಹಾಗೆ ಮಾಡದೆ ಟೇಪನ್ನು ಮೂಲ ಗೆರೆಯಲ್ಲೇ ಹಿಡಿದು 15, 30, 45, 60 ಎಂದು ಒಂದೇ ಸಲ ಗುರುತು ಹಾಕಿ. ಎದುರು ಬದಿಯಲ್ಲೂ ಅಷ್ಟೇ. ಎರಡು ಬದಿಯ ಗುರುತುಗಳ ನಡುವೆ ಕಟ್ಟಲು ನೈಲಾನ್ ಹಗ್ಗ ಬೇಡ, ಎಳೆದಂತೆ ಹಿಗ್ಗುತ್ತದೆ. ತೆಳುವಾದ ಕಬ್ಬಿಣದ ತಂತಿಗೆ ಹತ್ತಡಿಗೊಂದು ಬಣ್ಣದ ಗುರುತು ಹಾಕಿಕೊಳ್ಳಿ. ಗೂಟಗಳು ಮಣ್ಣಿನ ಮೇಲೆ ಅರ್ಧ ಅಡಿ ಮಾತ್ರ ಕಾಣಲಿ, ಟ್ರ್ಯಾಕ್ಟರ್ ಅವುಗಳನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ಸಾಗಬೇಕು.

ಗುಂಡಿ ತೋಡುವಾಗ ಗೂಟ ಕಿತ್ತುಹೋಗುತ್ತದೆ. ಹದಿನೆಂಟು ಅಂಗುಲದ ಗುಂಡಿಯಲ್ಲಿ ಗಿಡವನ್ನು ಎಲ್ಲಿಡಬೇಕೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ನೆಡುವ ಹಲಗೆ ಎಂಬ ಹಳೆಯ ಉಪಾಯವಿದೆ, ಅದನ್ನು ಮೀರಿಸುವ ಸಾಧನ ನನಗೆ ಕಂಡಿಲ್ಲ. ಆರಡಿ ಹಲಗೆಯ ಎರಡು ತುದಿಗೂ ನಟ್ಟನಡುವೆಗೂ ಒಂದೊಂದು ಕಚ್ಚು ಮಾಡಿಸಿ. ನಡುವಿನ ಕಚ್ಚನ್ನು ಗೂಟಕ್ಕೆ ತಾಗಿಸಿ, ತುದಿಯ ಕಚ್ಚುಗಳಲ್ಲಿ ಎರಡು ಸಣ್ಣ ಗೂಟ ಹೊಡೆದು ಹಲಗೆ ತೆಗೆಯಿರಿ. ಗುಂಡಿ ತೋಡಿ, ಗಿಡ ತಂದ ದಿನ ಹಲಗೆಯನ್ನು ಅದೇ ಸಣ್ಣ ಗೂಟಗಳಿಗೆ ಕೂರಿಸಿದರೆ ನಡುವಿನ ಕಚ್ಚು ಮೊದಲಿನ ಜಾಗಕ್ಕೇ ಬರುತ್ತದೆ, ಗಿಡ ಅಲ್ಲಿಗೆ. ಹಲಗೆಯನ್ನು ಸಾಲಿನ ಉದ್ದಕ್ಕೆ ಇಡಿ, ಅಡ್ಡ ಇಟ್ಟರೆ ಸಣ್ಣ ಗೂಟಗಳು ಚಕ್ರಕ್ಕೆ ಸಿಗುತ್ತವೆ.

ಒಣಗಿದ ಕೆಂಪು ನೆಲಕ್ಕೆ ಯಂತ್ರ ಇಳಿಯದು. ಬೇಸಿಗೆಯ ಮಳೆ ಬಿದ್ದು ನೆಲ ಹದವಾದಾಗ ತೋಡಿಸಿ. ಜಿಗುಟು ಮಣ್ಣಿನಲ್ಲಿ ಯಂತ್ರದ ಸುರುಳಿ ಗುಂಡಿಯ ಗೋಡೆಯನ್ನು ಸಾರಿಸಿದಂತೆ ನಯ ಮಾಡಿಬಿಡುತ್ತದೆ. ಬೇರು ಅದನ್ನು ಭೇದಿಸಲಾರದೆ ಒಳಗೇ ಸುತ್ತುತ್ತದೆ. ಹಾರೆಯಿಂದ ಗೋಡೆಯನ್ನು ಅಲ್ಲಲ್ಲಿ ಕೆದಕಿ, ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ, ಮಳೆ ಹಿಡಿದ ಮೇಲೆ ನೆಡಿ. ಮಂಡ್ಯದ ಕಡೆ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್ ತಿಂಗಳದ್ದು. ಜೂನ್‌ನಲ್ಲಿ ನೆಟ್ಟವರು ನಡುವಿನ ಬಿಡುವಿಗೆ ನೀರಿನ ವ್ಯವಸ್ಥೆ ಇಟ್ಟುಕೊಳ್ಳಲೇಬೇಕು.

ಒಂದು ಮಾತನ್ನು ದಯವಿಟ್ಟು ನಡೆಸಿಕೊಡಿ. ಯಂತ್ರಕ್ಕೆ ಶಕ್ತಿ ಕೊಡುವ ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಪಂಚೆ, ಹೆಗಲ ಟವೆಲ್, ಸೀರೆಯ ಸೆರಗು ಅದರ ಹತ್ತಿರ ಸುಳಿಯಬಾರದು. ಯಂತ್ರ ಕೆಳಗಿಳಿಯಲೆಂದು ಅದರ ಮೇಲೆ ಆಳನ್ನು ನಿಲ್ಲಿಸುವ ಅಭ್ಯಾಸ ಹಲವೆಡೆ ಇದೆ. ಅದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ.

ಪ್ರಶ್ನೆ: ನಾಗಮಂಗಲದ ಬಳಿ ನಮ್ಮದು ಇಳಿಜಾರು ಹೊಲ. ನಮಗೂ ಇದೇ ಕ್ರಮವೇ?

ಉತ್ತರ: ಅಲ್ಲ. ಇಳಿಜಾರಿನುದ್ದಕ್ಕೆ ನೇರ ಸಾಲು ಹಾಕಿ ಉಳುಮೆ ಮಾಡಿದರೆ ಮಳೆಯ ನೀರು ಸಾಲನ್ನೇ ಕಾಲುವೆ ಮಾಡಿಕೊಂಡು ಮೇಲ್ಮಣ್ಣನ್ನು ಹೊತ್ತೊಯ್ಯುತ್ತದೆ. ಗಾರೆಯವರ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಸಮಮಟ್ಟದ ಗೆರೆ ಹಿಡಿದು, ಅದು ಬಾಗಿದಂತೆ ಸಾಲನ್ನೂ ಬಾಗಿಸಿ. ಎರಡು ಗೆರೆಗಳು ಟ್ರ್ಯಾಕ್ಟರ್ ಹೋಗದಷ್ಟು ಹತ್ತಿರ ಬಂದ ಕಡೆ ಒಂದು ಸಾಲನ್ನು ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ವಿದೇಶದಲ್ಲಿ ಟ್ರ್ಯಾಕ್ಟರಿನ ಹಿಂದೆ ಕುಳಿತೇ ಗಿಡ ನೆಡುತ್ತಾರಂತೆ. ಎಚ್.ಡಿ. ಕೋಟೆಯಲ್ಲಿ ಇದು ಸಾಧ್ಯವೇ? ಮೊಬೈಲ್‌ನ ಜಿಪಿಎಸ್‌ನಿಂದ ಸಾಲು ಹಿಡಿಯಬಹುದೇ?

ಉತ್ತರ: ಅಮೆರಿಕ, ಯುರೋಪಿನ ಆ ಯಂತ್ರಗಳು ನೆಲವನ್ನು ಸೀಳಿ, ಕುಳಿತವರು ಗಿಡ ಇಳಿಸಿದ ಮೇಲೆ ಚಕ್ರಗಳಿಂದ ಮಣ್ಣು ಒತ್ತುತ್ತಾ ಹೋಗುತ್ತವೆ. ಹೆಚ್ಚಾಗಿ ಅವು ಮಣ್ಣಿಲ್ಲದ ಬರಿ ಬೇರಿನ ಸಸಿಗಳಿಗೆ. ನಮ್ಮ ನರ್ಸರಿಗಳ ಪಾಲಿಥೀನ್ ಚೀಲದ ಗಿಡಕ್ಕೆ ಗುಂಡಿಯೇ ಸರಿ. ಮೊಬೈಲ್ ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಇರುತ್ತದೆ. ಜಮೀನಿನ ಗಾತ್ರದ ಅಂದಾಜಿಗೆ ಸಾಕು, ಗಿಡದ ಗೂಟಕ್ಕೆ ಸಾಲದು. ಅಂಗುಲದ ಲೆಕ್ಕದಲ್ಲಿ ಟ್ರ್ಯಾಕ್ಟರಿನ ಸ್ಟಿಯರಿಂಗ್ ತಿರುಗಿಸುವ ಉಪಗ್ರಹ ವ್ಯವಸ್ಥೆಗಳಿವೆ. ಎರಡು–ಮೂರು ಎಕರೆಗೆ ಅದರ ಖರ್ಚು ಹುಟ್ಟುವುದಿಲ್ಲ. ಹತ್ತಾರು ಎಕರೆ ಇದ್ದರೆ ಕಲ್ಟಿವೇಟರಿನಲ್ಲಿ ಒಂದೇ ಹಲ್ಲು ಉಳಿಸಿ, ಸಾಲಿನ ತುದಿಯಲ್ಲೊಂದು, ನಡುವಲ್ಲೊಂದು ಎತ್ತರದ ಕೋಲು ನೆಟ್ಟು, ಎರಡೂ ಒಂದೇ ಕೋಲಾಗಿ ಕಾಣುವಂತೆ ಓಡಿಸಲು ಹೇಳಿ. ಉದ್ದಕ್ಕೂ ಅಡ್ಡಕ್ಕೂ ಹೀಗೆ ಗೆರೆ ಎಳೆದರೆ ಅವು ಕೂಡಿದ ಜಾಗವೇ ಗುಂಡಿ.