ಜಾಸ್ತಿ ಬಂದ ಹಣವೆಲ್ಲ ಮೋಸದ ಹಣವಲ್ಲ

ಬ್ರಿಟನ್‌ನಲ್ಲಿ ಇಷ್ಟೊಂದು ಜನಕ್ಕೆ ಟ್ಯಾಕ್ಸ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನ ಹಣ ಜಾಸ್ತಿ ಹೋಗಿದೆ ಅಂದರೆ ಅವರು ಮೋಸ ಮಾಡಿದ್ದಾರೆ ಅಂತಲೇ ಅಲ್ವಾ ಎಂದು ಕೇಳಿದ್ದೀರಿ. ಇಲ್ಲ. ಸುಳ್ಳು ಹೇಳಿ ಪಡೆದವರೂ ಇದ್ದರು, ನಿಜ. ಆದರೆ ದೊಡ್ಡ ತೊಂದರೆ ಇದ್ದದ್ದು ಲೆಕ್ಕ ಹಾಕುವ ರೀತಿಯಲ್ಲಿ.

2003ರಲ್ಲಿ, ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ ಈ ಟ್ಯಾಕ್ಸ್ ಕ್ರೆಡಿಟ್ ಶುರುವಾಯಿತು. ಕಡಿಮೆ ಸಂಬಳದವರಿಗೆ, ಮಕ್ಕಳಿರುವ ಮನೆಗಳಿಗೆ ನೆರವು. ಮೊದಲು ಹಳೆಯ ಆದಾಯ ನೋಡಿ ಹಣ ಕೊಡುತ್ತಿದ್ದರು. ವರ್ಷ ಮುಗಿದ ಮೇಲೆ ಆ ವರ್ಷದ ನಿಜವಾದ ಆದಾಯ ಹಿಡಿದು ಮತ್ತೆ ಲೆಕ್ಕ. ನಡುವೆ ಓವರ್‌ಟೈಮ್ ಸಿಕ್ಕಿದರೆ, ಹೊಸ ಕೆಲಸ ಸಿಕ್ಕಿದರೆ, ಏನೂ ಮುಚ್ಚಿಡದವರ ಮೇಲೂ ಜಾಸ್ತಿ ಬಂದ ಹಣ ವಾಪಸ್ ಕೊಡಬೇಕಾದ ಸಾಲ ಬೀಳಬಹುದಿತ್ತು. ಮೊದಲ ವರ್ಷವೇ ಸುಮಾರು 200 ಕೋಟಿ ಪೌಂಡ್ ಹೀಗೆ ಹೆಚ್ಚಾಗಿ ಹೋಯಿತು.

ಆಗ ಆದಾಯ ಹಿಂದಿನ ವರ್ಷಕ್ಕಿಂತ 2,500 ಪೌಂಡ್‌ವರೆಗೆ ಹೆಚ್ಚಾದರೆ ಮಾತ್ರ ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 2006ರಲ್ಲಿ ಸರ್ಕಾರವೇ ಆ ಮಿತಿಯನ್ನು 25,000ಕ್ಕೆ ಏರಿಸಿತು. ತಪ್ಪೆಲ್ಲ ಜನರದ್ದೇ ಆಗಿದ್ದರೆ ನಿಯಮವನ್ನು ಇಷ್ಟು ಸಡಿಲ ಮಾಡುತ್ತಿದ್ದರಾ? ನಂತರದ ಸರ್ಕಾರಗಳು ಅದನ್ನು ಇಳಿಸುತ್ತಾ 2016ಕ್ಕೆ ಮತ್ತೆ 2,500ಕ್ಕೆ ತಂದವು.

ತೆರಿಗೆ ಹಣ ವಾಪಸ್ ಬರಬೇಕು ಅನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಹಣ ಅಷ್ಟರಲ್ಲಿ ಬಾಡಿಗೆಗೆ, ಮಕ್ಕಳ ಊಟಕ್ಕೆ ಖರ್ಚಾಗಿರುತ್ತದೆ. ತೆರಿಗೆ ಇಲಾಖೆ ಎಡವಿದ ಕಡೆಯೂ ಬಡವರ ಮುಂದಿನ ಕಂತಿಗೆ ಕತ್ತರಿ ಹಾಕುವುದು ನನಗೆ ಅನ್ಯಾಯ ಅನ್ನಿಸುತ್ತದೆ. ಟ್ಯಾಕ್ಸ್ ಕ್ರೆಡಿಟ್ 2025ರ ಏಪ್ರಿಲ್‌ನಲ್ಲಿ ಮುಗಿಯಿತು. ಅದರ ಬದಲಿಗೆ ಬಂದ ನೆರವಾದ ಯೂನಿವರ್ಸಲ್ ಕ್ರೆಡಿಟ್‌ಗೆ ಹೋದವರ ಹಳೆ ಬಾಕಿಯನ್ನು ಈಗ ಅದರಲ್ಲೇ ಹಿಡಿದುಕೊಳ್ಳುತ್ತಾರೆ.